ಜೇಬಿನಲ್ಲಿ ಉಳಿದ ಸುತಳಿ

ಸುದ್ದಿ ಮೊದಲು ಹೇಳಿಬಿಡುತ್ತೇನೆ, ಹಿಂದುಮುಂದಿನದು ಆಮೇಲೆ. ನನ್ನ ಮೊಮ್ಮಗಳು ಭಾಗೀರಥಿ ತಾಂಡೇಲಳಾದಳು! ಸಮುದ್ರದ ದೋಣಿಗೆ! ನಮ್ಮ ಹೊಳೆಯ ಬುಟ್ಟಿದೋಣಿಗಲ್ಲ, ಎಂಜಿನ್ನು ಗುಡುಗುಡು ಅನ್ನುವ, ಹತ್ತು ಜನ ಕಾಲು ಚಾಚಿ ಕೂರುವಂಥ ದೋಣಿಗೆ. ತಾಂಡೇಲ ಎಂದರೆ ದೋಣಿ ನಡೆಸುವವರು. ಅವರು ಹೊರಡು ಅಂದರೆ ಹೊರಡಬೇಕು, ನಿಲ್ಲು ಅಂದರೆ ನಿಲ್ಲಬೇಕು, ದೋಣಿಯಲ್ಲಿ ಸ್ವಂತ ಅಜ್ಜನೇ ಕೂತಿದ್ದರೂ ಅವನು ಬಾಯಿ ಮುಚ್ಚಿಕೊಂಡಿರಬೇಕು. ನಿನ್ನೆ ಅಜ್ಜನೇ ಕೂತಿದ್ದ. ಬಾಯಿಯೇನೋ ಮುಚ್ಚಿಕೊಂಡಿದ್ದ, ಕೈ ಸುಮ್ಮನಿರಲಿಲ್ಲ. ಅದರ ಕಥೆ ಇದು.

ಇದನ್ನು ಬರೆಯುವಾಗ ನನ್ನ ಮೈಯಲ್ಲಿ ನೋಯದ ಜಾಗ ಹುಡುಕಿದರೆ ಎಡಗಿವಿಯ ಹಾಲೆಯೊಂದು ಸಿಗಬಹುದು. ಸೊಂಟ ಹಿಡಿದಿದೆ. ಮೊಣಕಾಲು ನನ್ನದಲ್ಲ ಅನ್ನಿಸುತ್ತಿದೆ. ಹೊಟ್ಟೆಯೊಳಗೆ ಇದ್ದದ್ದನ್ನೆಲ್ಲ ನಿನ್ನೆಯೇ ಸಮುದ್ರಕ್ಕೆ ಒಪ್ಪಿಸಿ ಬಂದಿದ್ದೇನೆ. ಖುಷಿಯಾದರೆ ಮೈ ಹಗುರಾಗುತ್ತದೆ ಅಂತಾರೆ, ಅದು ಸುಳ್ಳು. ಖುಷಿಯೂ ಒಂದು ಮೂಟೆಯೇ, ನನ್ನ ವಯಸ್ಸಿನಲ್ಲಿ ಅದನ್ನು ಹೊತ್ತರೂ ಬೆನ್ನು ನೋಯುತ್ತದೆ.

ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಿ ಬರೆಯುವುದು ನನಗೆ ಹರಿದ ಬಲೆ ಹೆಣೆದಂತೆ; ಒಂದು ಕಣ್ಣು ಸೇರಿಸುವಷ್ಟರಲ್ಲಿ ಇನ್ನೊಂದು ಬಿಟ್ಟುಹೋಗಿರುತ್ತದೆ. ಆದರೂ ಬರೆಯಲು ಕುಳಿತೆ, ಯಾಕೆಂದರೆ ಇಲ್ಲಿ ನನ್ನ ಪಕ್ಕದಲ್ಲಿ ಒಂದು ಮೊಳ ಸುತಳಿ ಬಿದ್ದಿದೆ. ಕಿರಾಣಿ ಅಂಗಡಿಯವರು ಪೊಟ್ಟಣ ಕಟ್ಟುತ್ತಾರಲ್ಲ, ಅದೇ ಬಡ ಸುತಳಿ. ಮೀನಿನ ವಾಸನೆ ಹೊಡೆಯುತ್ತಿದೆ. ಬೆಳಿಗ್ಗೆ ನನ್ನ ಹೆಂಡತಿ ಕಾಶವ್ವ ಅದನ್ನು ಎತ್ತಿ ಒಲೆಗೆ ಹಾಕಲು ಹೋದಳು. ನಾನು ಓಡಿಹೋಗಿ ಕಸಿದುಕೊಂಡೆ. ಓಡಿಹೋಗಿ ಅಂದೆನೇ? ತೆವಳಿಹೋಗಿ ಅಂತ ಓದಿಕೊಳ್ಳಿ.

ಸುತಳಿಯ ಮಾತಿಗಿಂತ ಮೊದಲು ಗಂಟಿನ ಮಾತು ಹೇಳಬೇಕು. ನಾವು ಅಂಬಿಗರು. ನಮ್ಮಪ್ಪ ಖಾನಾಪುರದಲ್ಲಿ ಮಲಪ್ರಭೆಯ ಮೇಲೆ ಜನರನ್ನು ದಾಟಿಸುತ್ತಿದ್ದ. ಆಮೇಲೆ ಆ ಕೆಲಸವನ್ನು ಸೇತುವೆ ನುಂಗಿತು, ನನ್ನ ಪಾಲಿಗೆ ಬಲೆ ಉಳಿಯಿತು. ಅಪ್ಪ ನನಗೆ ಆಸ್ತಿ ಅಂತ ಕೊಟ್ಟದ್ದು ಒಂದು ಗಂಟು. ಹಗ್ಗವನ್ನು ಎರಡು ಸುತ್ತು ಸುತ್ತಿ, ಹೊಟ್ಟೆಯೊಳಗಿಂದ ತೆಗೆದು, ತನ್ನ ಕತ್ತನ್ನು ತಾನೇ ಹಿಡಿಯುವಂತೆ ಬಿಗಿಯುವ ಗಂಟು. ನೀರು ಕುಡಿದಷ್ಟೂ ಬಿಗಿಯಾಗುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ದೋಣಿಯನ್ನು ದಂಡೆಯ ಮರಕ್ಕೆ ಕಟ್ಟಿದರೆ ಮರ ಹೋದೀತು, ಗಂಟು ಹೋಗುತ್ತಿರಲಿಲ್ಲ. "ಗಂಟು ಬಿಚ್ಚಿತು ಅಂದ್ರ ಅಂಬಿಗ ಸತ್ತಂಗ" ಅನ್ನುತ್ತಿದ್ದ ಅಪ್ಪ. ನಾನು ಆ ಮಾತನ್ನೂ ಗಂಟು ಹಾಕಿಕೊಂಡೆ.

ಈ ಗಂಟಿನ ದೆಸೆಯಿಂದ ನಮ್ಮ ಮನೆಯಲ್ಲಿ ಆದ ಅನಾಹುತಗಳನ್ನು ಕಾಶವ್ವನ ಬಾಯಿಂದ ಕೇಳಬೇಕು. ನಮ್ಮ ಮದುವೆಯಲ್ಲಿ ಆಕೆಯ ತವರಿನವರು ಒಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದರು. ಬೀಗ ಸಡಿಲವಿತ್ತು. ಗಾಡಿಯಲ್ಲಿ ತೆರೆದುಕೊಂಡೀತೆಂದು ಹೊಸ ಮದುಮಗ ತನ್ನ ಪ್ರತಾಪ ತೋರಿಸಿ ಹಗ್ಗ ಬಿಗಿದ. ಊರು ಮುಟ್ಟಿದ ಮೇಲೆ ಯಾರಿಗೂ ಬಿಚ್ಚಲಾಗಲಿಲ್ಲ, ನನಗೂ. ಮಳೆಯಲ್ಲಿ ನೆನೆದು ಹಗ್ಗ ಕಲ್ಲಾಗಿತ್ತು. ಮದುಮಗಳು ಸೀರೆ ಬದಲಿಸಬೇಕು, ಸೀರೆ ಪೆಟ್ಟಿಗೆಯಲ್ಲಿ. ಕಡೆಗೆ ನಮ್ಮವ್ವ ಕುಡಗೋಲು ತಂದು ಕೊಯ್ದಳು. ಅವತ್ತಿನಿಂದ ನಾನು ಏನಾದರೂ ಕಟ್ಟಲು ಕುಳಿತರೆ ಕಾಶವ್ವ ಚಾಕು ಎಲ್ಲಿದೆ ಎಂದು ನೋಡಿಟ್ಟುಕೊಳ್ಳುತ್ತಾಳೆ.

ಭಾಗಿ ಹುಟ್ಟಿದಾಗ ತೊಟ್ಟಿಲನ್ನು ತೊಲೆಗೆ ಕಟ್ಟಿದವನೂ ನಾನೇ. ಆ ಹುಡುಗಿ ತೊಟ್ಟಿಲು ಬಿಟ್ಟು, ಸಾಲಿ ಮುಗಿಸಿ, ಬೆಳಗಾವಿಯ ಐಟಿಐಯಲ್ಲಿ ಡೀಸೆಲ್ ಎಂಜಿನ್ನಿನ ಕೆಲಸ ಕಲಿತು, ಗೋವಾದ ವಾಸ್ಕೋದಲ್ಲಿ ದೋಣಿಗಳ ಎಂಜಿನ್ನು ರಿಪೇರಿಗೆ ಹೋದರೂ ಆ ಹಗ್ಗದ ಗಂಟು ಮಾತ್ರ ನಮ್ಮ ತೊಲೆಯ ಮೇಲೆ ಹಾಗೇ ಇದೆ. ಸುಣ್ಣ ಬಳಿಯುವವನು ಅದರ ಮೇಲೇ ಸುಣ್ಣ ಬಳಿದು ಹೋಗುತ್ತಾನೆ.

ಎಂಜಿನ್ನು ರಿಪೇರಿ ಮಾಡುತ್ತ ಮಾಡುತ್ತ ಭಾಗಿಗೆ ದೋಣಿ ನಡೆಸುವ ಹುಚ್ಚು ಹತ್ತಿತು. ಪರೀಕ್ಷೆಗೆ ಕೂತಳು, ಲೈಸೆನ್ಸು ತಂದಳು. ಆದರೆ ಲೈಸೆನ್ಸು ಇದ್ದರೆ ದೋಣಿ ಬಂತೇ? ಅದು ಇದ್ದದ್ದು ರಫೀಕ್ ಸಾಹೇಬರ ಕೈಯಲ್ಲಿ. ಇವರು ಮೂಲತಃ ಬೆಳಗಾವಿಯವರು, ಬರ್ಫದ ವ್ಯಾಪಾರದ ಮನೆತನ. ವಾಸ್ಕೋಗೆ ಹೋಗಿ ದೋಣಿ ಇಟ್ಟಿದ್ದಾರೆ. ಗಾಳ ಹಾಕುವ ಚಟವಿದ್ದವರು ಇಡೀ ದಿನಕ್ಕೆ ದೋಣಿ ಗೊತ್ತುಮಾಡಿಕೊಂಡು ಹೋಗುತ್ತಾರೆ. ಸಮುದ್ರದೊಳಗಿನ ಬಂಡೆಗಳ ಮೇಲೆ, ಯಾವ ಕಾಲದಲ್ಲೋ ಮುಳುಗಿದ ಹಡಗಿನ ಮೇಲೆ ದೋಣಿ ನಿಲ್ಲಿಸಿ ಮೀನು ಹಿಡಿಯುತ್ತಾರೆ. ಹೊಳೆಯಲ್ಲೂ ಹಾಗೇ ಅಲ್ಲವೇ, ಬಯಲು ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ಕಲ್ಲಿನ ಸಂದಿ ಬೇಕು, ಬಿದ್ದ ಮರದ ಬುಡ ಬೇಕು. ಮೀನಿಗೂ ಒಂದು ಮನೆ ಬೇಕು.

ರಫೀಕ್ ಸಾಹೇಬರು ಭಾಗಿಗೆ ಒಂದು ಶರತ್ತು ಹಾಕಿದ್ದರು. "ಒಂದ ದಿನಾ ನೀ ನಡಸು. ನಾ ಹಿಂದ ಕೈ ಕಟ್ಟಿ ಕುಂದರತೀನಿ, ಒಂದು ಮಾತೂ ಆಡೂದಿಲ್ಲ. ಬಂದ ಮಂದಿ ಖುಷಿಲೆ ಇಳೀಬೇಕು, ಒಯ್ದ ಸಾಮಾನೆಲ್ಲಾ ತಿರುಗಿ ಬರಬೇಕು. ಅಷ್ಟಾತಂದ್ರ ದೋಣಿ ನಿಂದು. ಇಲ್ಲಂದ್ರ ಪಾನಾ ಹಿಡಕೊಂಡು ಎಂಜಿನ್ ಕೆಳಗ ಹೋಗು, ನನ್ನ ಮ್ಯಾಲ ಸಿಟ್ಟಾಗಬ್ಯಾಡ." ಈ ದಿನಕ್ಕಾಗಿ ಆ ಹುಡುಗಿ ಒಂದು ಇಡೀ ಮಳೆಗಾಲ ಕಾದಿದ್ದಳು. ದಿನ ಗೊತ್ತಾದ ಕೂಡಲೇ ನನಗೆ ಫೋನು ಮಾಡಿದಳು. "ಅಜ್ಜಾ, ನೀ ಬಾ. ನೀ ಇದ್ರ ನನಗ ಧೈರ್ಯ" ಅಂದಳು.

ನಾನು ಧೈರ್ಯ ಕೊಡಲು ಹೊರಟೆ ನೋಡಿ.

ನನ್ನ ಮಗ ಬಸಪ್ಪ, ಅಂದರೆ ಭಾಗಿಯ ಅಪ್ಪ, ಬೆಳಗಾವಿಯ ಮಾರ್ಕೆಟ್ಟಿನಿಂದ ಗೋವಾಕ್ಕೆ ಟೆಂಪೋದಲ್ಲಿ ಕಾಯಿಪಲ್ಲೆ ಒಯ್ಯುತ್ತಾನೆ. ಕೋಸುಗಡ್ಡೆ, ಹಸಿಮೆಣಸಿನಕಾಯಿ, ಕೊತ್ತಂಬರಿಯ ಜೊತೆ ನಾನೂ ಒಂದು ಒಣ ಕಾಯಿಯಾಗಿ ಮುಂದೆ ಕೂತೆ. ಲೋಂಡಾದ ಕಾಡು ದಾಟಿ ಘಟ್ಟ ಇಳಿಯುವಾಗ ತಿರುವಿಗೊಂದು ಸಲ ಬಸಪ್ಪ ಕೇಳುತ್ತಿದ್ದ, "ಯಪ್ಪಾ, ಹೊಟ್ಟಿ ಸರಿ ಐತಿಲ್ಲ?" ನನಗೆ ಸಿಟ್ಟು ಬಂತು. "ಅಂಬಿಗನ್ನ ಕೇಳೂ ಮಾತೇನಲೇ ಅದು? ನೀರಿನ ಮ್ಯಾಲ ಹುಟ್ಟೇನಿ ನಾ" ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಬಸಪ್ಪ ನೆನಪಿಟ್ಟುಕೊಂಡಿದ್ದಾನೆ.

ಬೆಳಕು ಹರಿಯುವ ಹೊತ್ತಿಗೆ ನಾವು ಬಂದರಿನ ಕಟ್ಟೆಯ ಮೇಲಿದ್ದೆವು. ಬಸಪ್ಪ ಕಾಯಿಪಲ್ಲೆ ಇಳಿಸಲು ಹೋದ. ಭಾಗಿ ಎಂಜಿನ್ನಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿದ್ದಳು. ನಾನು ದೋಣಿಯ ಮೂತಿಯ ಕಡೆ ಹೋಗಿ, ನಾಲ್ಕು ಕೊಕ್ಕೆಯ ಕಬ್ಬಿಣದ ಲಂಗರನ್ನು ನೋಡಿದೆ. ಹಗ್ಗವನ್ನು ಲಂಗರಿನ ತಲೆಯ ಬಳೆಗೆ ಕಟ್ಟಬೇಕೋ ಬೇಡವೋ? ಇಲ್ಲಿ ಹಗ್ಗ ತಲೆಯನ್ನು ಬಿಟ್ಟು ಕೆಳಗೆ ಕೊಕ್ಕೆಗಳ ಬುಡಕ್ಕೆ ಹೋಗಿ ಕಟ್ಟಿಕೊಂಡಿತ್ತು. ತಲೆಯ ಬಳೆಯ ಹತ್ತಿರ ಹಗ್ಗವನ್ನು ಹಿಡಿದದ್ದು ಏನು ಅಂತೀರಿ? ಒಂದು ಮೊಳ ಸುತಳಿ! ಕೈಯಲ್ಲಿ ಜಗ್ಗಿದರೆ ಹರಿಯುವ ಸುತಳಿ!

ಪಾಪ, ಹುಡುಗಿ ಗಡಿಬಿಡಿಯಲ್ಲಿ ಉಲ್ಟಾ ಕಟ್ಟಿದ್ದಾಳೆ ಎಂದುಕೊಂಡೆ. ಕರೆದು ಹೇಳಿದರೆ ಯಜಮಾನರ ಮುಂದೆ ಅವಳ ಮಾನ ಹೋಗುತ್ತದೆ. ಇವತ್ತೇ ಪರೀಕ್ಷೆ ಬೇರೆ. ನಾನು ಆ ಕಡೆ ಈ ಕಡೆ ನೋಡಿ, ಸುತಳಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಪಕ್ಕದಲ್ಲಿ ಬಿದ್ದಿದ್ದ ನೈಲಾನ್ ಹಗ್ಗದ ತುಂಡಿನಿಂದ ಬಳೆಗೂ ಲಂಗರಿನ ಹಗ್ಗಕ್ಕೂ ಸೇರಿಸಿ ಅಪ್ಪನ ಗಂಟು ಬಿಗಿದೆ. ಕಾಲು ಕೊಟ್ಟು ಜಗ್ಗಿದೆ. ಕಬ್ಬಿಣ ಅಲುಗಿತು, ಗಂಟು ಅಲುಗಲಿಲ್ಲ. ತಲೆ ಎತ್ತಿದರೆ ಕಟ್ಟೆಯ ಮೆಟ್ಟಿಲ ಮೇಲೆ ರಫೀಕ್ ಸಾಹೇಬರು ಚಹಾ ಊದಿಕೊಳ್ಳುತ್ತ ನನ್ನ ಕಡೆಯೇ ನೋಡುತ್ತಿದ್ದರು. ನನ್ನ ಕೈಚಳಕ ಮೆಚ್ಚಿ ನೋಡುತ್ತಿದ್ದಾರೆ ಎಂದುಕೊಂಡು ನಾನು ಸ್ವಲ್ಪ ಎದೆ ಉಬ್ಬಿಸಿದೆ.

ಅಷ್ಟರಲ್ಲಿ ಗಿರಾಕಿಗಳು ಬಂದರು. ಬೆಳಗಾವಿಯ ಟಿಳಕವಾಡಿಯ ದೇಸಾಯರು ಮತ್ತು ಅವರ ಇಬ್ಬರು ಗೆಳೆಯರು. ದೇಸಾಯರು ದೊಡ್ಡ ಮೈಯವರು, ಸಣ್ಣ ಮಕ್ಕಳ ಮನಸ್ಸಿನವರು. ಕೈಯಲ್ಲಿ ಹೊಸ ಗಾಳದ ಕೋಲು ಹಿಡಿದು ದೇವರ ಪಲ್ಲಕ್ಕಿ ಇಳಿಸುವಂತೆ ದೋಣಿಗೆ ಇಳಿಸಿದರು. ದೋಣಿ ತಿರುಗಿಸುವ ಚಕ್ರದ ಮುಂದೆ ನಿಂತ ಭಾಗಿಯನ್ನು ನೋಡಿ, "ತಂಗಿ, ತಾಂಡೇಲ ಎಲ್ಲಿ?" ಎಂದು ಕೇಳಿದರು.

"ನಾನ ರೀ. ಕುಂದರ್ರಿ, ಆ ಜಾಕೀಟ ಹಾಕ್ಕೋರಿ" ಅಂದಳು ಭಾಗಿ.

ದೇಸಾಯರು ರಫೀಕ್ ಸಾಹೇಬರ ಮುಖ ನೋಡಿದರು. ಸಾಹೇಬರು ಕೈ ಕಟ್ಟಿ ಆಕಾಶ ನೋಡಿದರು. ದೇಸಾಯರು ಆ ತೇಲುವ ಜಾಕೀಟು ಹಾಕಿಕೊಂಡರು. ಗುಂಡಿ ಹತ್ತಲಿಲ್ಲ.

ನಾನು ದೇಸಾಯರ ಪಕ್ಕ ಕುಳಿತು ನಮ್ಮ ಮನೆತನದ ಹಿರಿಮೆ ಶುರುಮಾಡಿದೆ. ಮಲಪ್ರಭೆಯ ಮಹಾಪೂರ, ಅಪ್ಪ ದಾಟಿಸಿದ ದಿಬ್ಬಣ, ನಾನು ಬರಿಗೈಯಲ್ಲಿ ಹಿಡಿದ ಹಾವುಮೀನು. ನೀರಿನ ಮೇಲೆ ಹುಟ್ಟಿದವನು ಎಂಬ ಮಾತನ್ನು ಅವರಿಗೂ ಹೇಳಿದೆ. ದೋಣಿ ಬಂದರು ದಾಟಿತು. ಮೊದಲ ದೊಡ್ಡ ಅಲೆ ಬಂದು ನಮ್ಮನ್ನು ಎತ್ತಿ, ಎತ್ತಿದಲ್ಲೇ ಒಂದು ಗಳಿಗೆ ಹಿಡಿದು, ಕೈ ಬಿಟ್ಟಿತು. ನನ್ನ ಮಾತು ಮೇಲೇ ಉಳಿಯಿತು, ಹೊಟ್ಟೆ ಕೆಳಗೆ ಹೋಯಿತು. ಆಮೇಲಿನದನ್ನು ವಿವರಿಸುವುದು ಬೇಡ. ಹೊಳೆ ಯಾವತ್ತೂ ಹೀಗೆ ಮಾಡಿರಲಿಲ್ಲ. ಹೊಳೆ ಎಳೆದುಕೊಂಡು ಹೋಗುತ್ತದೆ, ಕುದಿಯುತ್ತದೆ, ಮುಳುಗಿಸಿಯೂ ಬಿಡುತ್ತದೆ, ಆದರೆ ತೊಟ್ಟಿಲು ತೂಗಿದ ಹಾಗೆ ತೂಗಿ ತೂಗಿ ಸತಾಯಿಸುವುದಿಲ್ಲ.

"ಅಜ್ಜಾರ, ನೀರಿನ ಮ್ಯಾಲ ಹುಟ್ಟೇನಿ ಅಂದ್ರಿ?" ಎಂದು ದೇಸಾಯರು ಒಂದು ಲಿಂಬೆಹಣ್ಣು ಕೊಟ್ಟರು, ಮೂಸಿ ನೋಡಲು.

"ಸಿಹಿನೀರಿನ ಮ್ಯಾಲ ರೀ" ಎಂದೆ. ಅಷ್ಟು ಹೇಳುವುದಕ್ಕೂ ಎರಡು ಸಲ ನಿಲ್ಲಿಸಬೇಕಾಯಿತು.

ಮೊದಲು ಬಂಡೆಗಳ ಮೇಲೆ ಹೋದೆವು. ಮೇಲಿನಿಂದ ಏನೂ ಕಾಣುವುದಿಲ್ಲ, ನೀರಿನ ಬಣ್ಣ ಮಾತ್ರ ತುಸು ಕಪ್ಪು. ಭಾಗಿಯ ಮುಂದೆ ತಳ ತೋರಿಸುವ ಒಂದು ಯಂತ್ರವಿತ್ತು, ದವಾಖಾನೆಯಲ್ಲಿ ಎದೆಗೆ ಹಚ್ಚುತ್ತಾರಲ್ಲ ಅಂಥ ಗೆರೆಗಳು. ಅಲ್ಲಿ ಲಂಗರು ಬಿಡಲಿಲ್ಲ. ಎಂಜಿನ್ನನ್ನು ಮೆಲ್ಲಗೆ ಇಟ್ಟು ದೋಣಿಯನ್ನು ತೇಲಿಬಿಟ್ಟಳು. ಬಂಗಡೆ ಮೀನಿನ ತುಂಡು ಸಿಕ್ಕಿಸಿ, ಸೀಸದ ಗುಂಡು ಕಟ್ಟಿ ಗಾಳ ಇಳಿಸಿದರು. ದೇಸಾಯರ ಗೆಳೆಯರಿಗೆ ಅಂಗೈಯಗಲದ ಕೆಂಪು ಮೀನುಗಳು ಬಂದವು. ದೇಸಾಯರಿಗೆ ಏನೂ ಬರಲಿಲ್ಲ. ಒಂದು ಸಲ ಗಾಳ ಕಲ್ಲಿಗೆ ಸಿಕ್ಕಿತು, ಅವರು ಅದನ್ನೇ ಮೀನೆಂದು ತಿಳಿದು ಬಹಳ ಹೊತ್ತು ಗುದ್ದಾಡಿದರು. ನಾನು ನಗಬೇಕೆಂದರೂ ಹೊಟ್ಟೆ ಬಿಡಲಿಲ್ಲ. ಬಿಸಿಲು ಏರಿತು. ಲಿಂಬೆಹಣ್ಣಿನ ವಾಸನೆಯೂ ಮುಗಿಯಿತು. ಇಷ್ಟು ದಣಿದಿದ್ದು ನನಗೆ ನೆನಪಿಲ್ಲ. ಏನೂ ಮಾಡದೆ ಕೂತು ದಣಿಯುವುದಿದೆಯಲ್ಲ, ಅದು ಬಲೆ ಎಳೆದು ದಣಿದದ್ದಕ್ಕಿಂತ ಕೆಟ್ಟದು.

ಆಮೇಲೆ ಮುಳುಗಿದ ಹಡಗಿನ ಹತ್ತಿರ ಹೋದೆವು. ಅಲ್ಲಿ ನೆಳಲಿಲ್ಲ, ಗುರುತಿಲ್ಲ, ನೀರೇ ನೀರು. ಕೆಳಗೆ ಒಂದು ಇಡೀ ಹಡಗು ಮಲಗಿದೆ ಎಂದು ಭಾಗಿ ಹೇಳಿದಾಗ ನನಗೆ ಕಾಲಿನಡಿ ಜುಮ್ಮೆಂದಿತು. ಇಲ್ಲಿ ಲಂಗರು ಬಿಡಬೇಕಾಗಿತ್ತು. ಆಕೆ ಹಡಗಿನಿಂದ ದೂರ ಹೋಗಿ, ಮರಳಿನ ಮೇಲೆ ಲಂಗರು ಬಿಟ್ಟು, ಹಗ್ಗ ಸಡಿಲಿಸುತ್ತ ದೋಣಿಯನ್ನು ಹಿಂದಕ್ಕೆ ಹಡಗಿನ ಮೇಲೆ ತಂದು ನಿಲ್ಲಿಸಿದಳು. ನನ್ನ ಎದೆ ತುಂಬಿಬಂತು. ಹೊಳೆಯಲ್ಲಿ ಬಂಡೆಯ ಮೇಲುಕಡೆಗೆ ಗೂಟ ಹೊಡೆದು ದೋಣಿಯನ್ನು ಕೆಳಕ್ಕೆ ಬಿಡುವುದನ್ನು ನಾನೇ ಅವಳಿಗೆ ಕಲಿಸಿದ್ದು, ಲಂಗ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ಆಡುವ ವಯಸ್ಸಿನಲ್ಲಿ.

"ನನ್ನ ಪಾಠ" ಎಂದೆ.

"ನಿನ್ನ ಪಾಠನ ಅಜ್ಜಾ. ಆದ್ರ ಹೊಳಿ ಒಂದ ಕಡೆ ಹರೀತೈತಿ. ಇದು ಹೋಗತೈತಿ, ತಿರುಗಿ ಬರತೈತಿ. ನೀರು ತಿರುಗಿತು ಅಂದ್ರ ದೋಣಿನೂ ತಿರಗತೈತಿ, ಲಂಗರು ಹಡಗಿಗೆ ಸಿಕ್ಕೊಂತೈತಿ. ಅದಕ್ಕ ನೀರು ತಿರಗೂಕಿಂತ ಮುಂಚೆ ಲಂಗರು ಎತ್ತಿ ಹೊಂಡಬೇಕು."

ಮೀನು ಇದ್ದದ್ದು ಇಲ್ಲಿ ನೋಡಿ! ಗಾಳ ಇಳಿಯುವಷ್ಟರಲ್ಲಿ ಜಗ್ಗುತ್ತಿದ್ದವು. ಹೊತ್ತು ಹೋದದ್ದು ತಿಳಿಯಲಿಲ್ಲ. ಭಾಗಿ "ಸಾಕು ಮಾಡೂಣ್ರಿ, ನೀರು ನಿಂತೈತಿ" ಅಂದಾಗಲೇ ದೇಸಾಯರ ಕೋಲು ಬಿಲ್ಲಿನಂತೆ ಬಾಗಿತು. "ಬ್ಯಾಡ ತಂಗಿ, ಈಗ ಬ್ಯಾಡ, ಕೈ ಮುಗೀತೀನಿ!" ಎಂದು ಅವರು ಕೂಗಿದರು. ಆ ಮೀನು ಕೆಳಗೆ ಹಡಗಿನ ಹೊಟ್ಟೆಯೊಳಗೆ ನುಗ್ಗಲು ನೋಡುತ್ತಿತ್ತು, ದೇಸಾಯರು ಮೇಲಕ್ಕೆ ಎಳೆಯಲು ನೋಡುತ್ತಿದ್ದರು. ಗೆಳೆಯರು ಅವರ ಸೊಂಟ ಹಿಡಿದರು. ಕೊನೆಗೆ ಅದು ಮೇಲೆ ಬಂತು, ಕಂದು ಬಣ್ಣದ, ಅಗಲ ಬಾಯಿಯ ಭಾರೀ ಕಲ್ಲುಮೀನು. ಅಲ್ಲಿನವರು ಗೊಬ್ರಾ ಅನ್ನುತ್ತಾರೆ. ದೇಸಾಯರು ಅದರ ಪಕ್ಕದಲ್ಲಿ ಕುಳಿತುಬಿಟ್ಟರು. ಯಾರ ಬಾಯಿ ಹೆಚ್ಚು ತೆರೆದಿತ್ತು ಎಂದು ಹೇಳಲಾರೆ.

ಅಷ್ಟರಲ್ಲಿ ನೀರು ತಿರುಗಿತ್ತು.

ಗಾಳಿಯೂ ಎದ್ದಿತು. ಭಾಗಿ ಹಗ್ಗ ಎಳೆದಳು, ಬರಲಿಲ್ಲ. ದೋಣಿಯನ್ನು ಆ ಬಾಜು ಈ ಬಾಜು ತಂದು ಎಳೆದಳು, ಬರಲಿಲ್ಲ. "ಹಡಗಿನ ಕಬ್ಬಿಣಕ್ಕ ಸಿಕ್ಕೈತಿ. ಚಿಂತಿ ಇಲ್ರಿ" ಎಂದು ನಗುತ್ತಲೇ ಹೇಳಿ, ಹಗ್ಗವನ್ನು ದೋಣಿಯ ಮೂತಿಯ ಕಂಬಕ್ಕೆ ಸುತ್ತಿದಳು. "ಅದಕ್ಕಂತನ ಸುತಳಿ ಕಟ್ಟೇನಿ. ಎಂಜಿನ್ ಜೋರು ಮಾಡಿದ್ರ ಸುತಳಿ ಹರೀತೈತಿ, ಎಳತಾ ಬುಡಕ್ಕ ಹೋಗತೈತಿ, ಲಂಗರು ಹಿಂದುಮುಂದಾಗಿ ಸರಳ ಬಿಚ್ಚಿಕೊಂಡು ಬರತೈತಿ."

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಸುತಳಿ ಅಲ್ಲಿತ್ತು.

ಎಂಜಿನ್ನು ಗರ್ಜಿಸಿತು. ಹಗ್ಗ ತಂತಿಯಂತೆ ಬಿಗಿದು ನೀರು ಸಿಡಿಸಿತು. ದೋಣಿಯ ಮೂತಿ ಕೆಳಕ್ಕೆ ಬಾಗಿತು, ಅಲೆಯೊಂದು ಒಳಗೇ ಬಂತು. ದೇಸಾಯರ ಗೆಳೆಯರು ದೇವರ ಹೆಸರು ಹೇಳಿದರು. ಸುತಳಿ ಹರಿಯಲಿಲ್ಲ. ಹೇಗೆ ಹರಿದೀತು?

"ಹರೀಬೇಕಾಗಿತ್ತು" ಎಂದಳು ಭಾಗಿ. ಅವಳ ಮುಖದ ನಗೆ ಹೋಯಿತು. ಮತ್ತೊಮ್ಮೆ ಎಂಜಿನ್ನು ಜೋರು ಮಾಡಿದಳು, ಮತ್ತೆ ನೀರು ಒಳಗೆ ಬಂತು. ನಾನು ತೆವಳುತ್ತ ಅವಳ ಹತ್ತಿರ ಹೋಗಿ ಅಂಗೈ ತೆರೆದು ಸುತಳಿ ತೋರಿಸಿದೆ. "ಅಪ್ಪನ ಗಂಟು" ಎಂದಷ್ಟೇ ಅಂದೆ.

ಅವಳು ಸುತಳಿ ನೋಡಿದಳು, ನನ್ನನ್ನು ನೋಡಿದಳು. ತೊಲೆಯ ಮೇಲಿನ ಆ ಸುಣ್ಣ ಬಳಿದ ಗಂಟನ್ನು ದಿನಾ ನೋಡುತ್ತ ಬೆಳೆದ ಹುಡುಗಿ. ಅದು ಎಂದೂ ಬಿಚ್ಚುವುದಿಲ್ಲ ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಹಿಂದೆ ರಫೀಕ್ ಸಾಹೇಬರು ಕೂತೇ ಇದ್ದರು, ಆದರೆ ಕಟ್ಟಿದ ಕೈ ಬಿಚ್ಚಿದ್ದರು. ಒಯ್ದ ಸಾಮಾನೆಲ್ಲ ತಿರುಗಿ ಬರಬೇಕು ಎಂದಿದ್ದ ಮಾತು ನನ್ನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು.

"ಇನ್ನೊಂದ ಸಲ ಜಗ್ಗು ಯವ್ವಾ. ಬಂದೀತು" ಅಂದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಅಂದೆ.

"ಅಜ್ಜಾ, ನಿನ್ನ ಚಾಕು ಕೊಡು."

"ಭಾಗಿ, ಲಂಗರು ಹೋದ್ರ ದೋಣಿ ಹೋಗತೈತಿ..."

"ಮಂದಿ ಅದಾರ ದೋಣ್ಯಾಗ. ಚಾಕು ಕೊಡು."

ಸೊಂಟದ ಚಾಕು ತೆಗೆದು ನಾನೇ ಅವಳ ಕೈಗೆ ಕೊಟ್ಟೆ. ಅಲೆ ಇಳಿದು ಹಗ್ಗ ತುಸು ಸಡಿಲವಾದ ಗಳಿಗೆ ನೋಡಿ ಕೊಯ್ದಳು. ದೋಣಿ ಬಿಡುಗಡೆಯಾದ ಕರುವಿನಂತೆ ಹಾರಿತು. ಹಗ್ಗದ ತುದಿ ನೀರಿನೊಳಗೆ ಜಾರಿ ಹೋಯಿತು. ಅಪ್ಪನ ಗಂಟು ಈಗಲೂ ಅಲ್ಲೇ ಇದೆ, ಮುಳುಗಿದ ಹಡಗಿನ ಜೊತೆ. ಬಿಚ್ಚಿರಲಿಕ್ಕಿಲ್ಲ.

ತಿರುಗಿ ಬರುವಾಗ ದೇಸಾಯರು ಒಬ್ಬರೇ ಮಾತಾಡಿದರು, ಅದೂ ಮೀನಿನ ಸಂಗಡ. ಭಾಗಿ ಮುಂದೆ ನೋಡುತ್ತ ನಿಂತಿದ್ದಳು. ಬೆನ್ನು ನೆಟ್ಟಗಿತ್ತು. ನಾನು ಆ ಬೆನ್ನನ್ನೇ ನೋಡುತ್ತ ಕೂತೆ. ವಾಂತಿ ಕೂಡ ನಿಂತುಹೋಗಿತ್ತು. ಮೈಗೆ ಆಗುವ ಕಷ್ಟಕ್ಕೆ ಒಂದು ಮರ್ಯಾದೆ ಇರುತ್ತದೆ, ಅದಕ್ಕಿಂತ ದೊಡ್ಡ ಕಷ್ಟ ಬಂದರೆ ಎದ್ದು ಜಾಗ ಬಿಡುತ್ತದೆ.

ಕಟ್ಟೆ ಮುಟ್ಟಿದ ಮೇಲೆ ದೇಸಾಯರು ಮೀನನ್ನು ಅಪ್ಪಿಕೊಂಡು ಇಳಿದರು. "ತಂಗಿ, ಮುಂದಿನ ಸಲ ಬಂದಾಗೂ ನೀನ ಬೇಕು ನೋಡು. ಬ್ಯಾರೇದವ್ರು ನಡಿಯೂದಿಲ್ಲ" ಎಂದು ಹೋದರು. ಉಳಿದವರು ನಾವು ಮೂವರು. ರಫೀಕ್ ಸಾಹೇಬರು ದಿನದ ಮೊದಲ ಮಾತು ಆಡಿದರು.

"ಲಂಗರು ಎಲ್ಲಿ?"

"ಹಡಗಿನ ಹೊಟ್ಟ್ಯಾಗ ಐತ್ರಿ ಸಾಹೇಬ್ರ. ನಾ ಕೊಯ್ದೆ."

"ಸುತಳಿ ಯಾಕ ಹರೀಲಿಲ್ಲ?"

"ಬಿಡೂಕಿಂತ ಮುಂಚೆ ನಾ ತಿರುಗಿ ನೋಡಲಿಲ್ರಿ. ನಂದ ತಪ್ಪು."

ಅಷ್ಟೇ ಹೇಳಿದಳು. ನನ್ನ ಹೆಸರು ಅವಳ ಬಾಯಿಂದ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಆಕೀದಲ್ರಿ, ನಂದು! ನಾ ಬಿಚ್ಚಿ ಬ್ಯಾರೆ ಕಟ್ಟಿದೆ. ಮುದುಕ ನಾನು, ಹೊಳ್ಯಾಗಿಂದ ಬಂದಾಂವ..."

"ಗೊತ್ತೈತಿ ಅಜ್ಜಾರ" ಅಂದರು ಸಾಹೇಬರು. "ಚಹಾ ಕುಡಕೋತ ಎಲ್ಲಾ ನೋಡೇನಿ. ಗಂಟು ಭಾಳ ಛಂದ ಹಾಕಿದ್ರಿ."

"ಮತ್ತ ಆಗ ಯಾಕ ಹೇಳಲಿಲ್ರಿ!"

"ಹೇಳಿದ್ರ ಪರೀಕ್ಷಾ ನಂದಾಗತಿತ್ತು. ದೋಣಿ ಬಿಡೂ ಮುಂಚೆ ಈಕಿ ಲಂಗರು ನೋಡತಾಳೋ ಇಲ್ಲೋ ನೋಡಬೇಕಾಗಿತ್ತು. ನೋಡಲಿಲ್ಲ." ಭಾಗಿ ತಲೆ ತಗ್ಗಿಸಿದಳು. "ನಾಪಾಸು ಅಂದಕೊಂಡ ಕುಂತಿದ್ದೆ. ಅಲ್ಲಿ ಇನ್ನೊಂದ ಸಲ ಜಗ್ಗಿದ್ರ ನಾನ ಎದ್ದು ಕೊಯ್ಯಾಂವಿದ್ದೆ, ದೋಣಿನೂ ಕೊಡತಿದ್ದಿಲ್ಲ. ಈಕಿ ನನಗಿಂತ ಮೊದಲ ಚಾಕು ಕೇಳಿದ್ಲು. ಲಂಗರು ಅಂಗಡ್ಯಾಗ ಸಿಗತೈತಿ, ಬೇಟಾ. ಅಜ್ಜನ ಹೆಸರು ಹೇಳಲಿಲ್ಲಲ್ಲ, ಅದನ್ನೂ ನೋಡಿದೆ." ಜೇಬಿನಿಂದ ಎಂಜಿನ್ನಿನ ಕೀಲಿ ತೆಗೆದು ಅವಳ ಅಂಗೈಗೆ ಇಟ್ಟರು. "ಹೊಸಾ ಲಂಗರು ನಿನ್ನ ಕೈಲೇ ಕಟ್ಟು. ದಿನಾ ಮುಂಜಾನೆ ನೋಡು. ನಿಮ್ಮಜ್ಜ ಬಂದ ದಿನ ಎರಡ ಸಲ ನೋಡು."

ನಾನು ಅಲ್ಲೇ ಮೀನಿನ ಖಾಲಿ ಡಬ್ಬಿಯ ಮೇಲೆ ಕುಳಿತುಬಿಟ್ಟೆ. ಹೊಟ್ಟೆ ಖಾಲಿ, ಕಣ್ಣು ಮಾತ್ರ ತುಂಬಿತ್ತು. ಭಾಗಿ ಬಂದು ನನ್ನ ತಲೆಯ ಟೋಪಿ ಸರಿಮಾಡಿ, "ಏಳು ಅಜ್ಜಾ, ಅಪ್ಪ ಟೆಂಪೋ ತಂದಾನ" ಎಂದಳು. ಗೆದ್ದವಳು ಅವಳು, ಅವಳೇ ನನ್ನನ್ನು ಎತ್ತಿ ನಡೆಸಬೇಕಾಯಿತು.

ಖಾಲಿ ಟೆಂಪೋದಲ್ಲಿ ಭಾಗಿಯನ್ನೂ ಕೂರಿಸಿಕೊಂಡು ಘಟ್ಟ ಹತ್ತಿದೆವು. ಬಸಪ್ಪನಿಗೆ ಸುದ್ದಿ ಹೇಳಿದರೆ ಸ್ಟೇರಿಂಗು ಬಿಟ್ಟು ಮಗಳ ತಲೆ ಸವರಿದ. ಇಬ್ಬರೂ ಕೂಗಿ ಅವನ ಕೈ ವಾಪಸು ಹಾಕಿಸಿದೆವು. ಸಾಹೇಬರು ಕೊಟ್ಟ ಕೆಂಪು ಮೀನುಗಳ ಚೀಲ ನನ್ನ ತೊಡೆಯ ಮೇಲಿತ್ತು. ತಿರುವಿನಲ್ಲಿ ಚೆಲ್ಲೀತು ಎಂದು ಅದರ ಬಾಯಿ ಕಟ್ಟಿದೆ. ಲೋಂಡಾ ದಾಟುವ ಹೊತ್ತಿಗೆ ನನಗೆ ನಿದ್ದೆ ಹತ್ತಿತ್ತು.

ಖಾನಾಪುರದ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸುದ್ದಿ ನಮಗಿಂತ ಮೊದಲೇ ಫೋನಿನಲ್ಲಿ ಬಂದು ಕೂತಿತ್ತು. ಭಾಗಿಯ ಅವ್ವ ಶಾಂತಾ ಬಾಗಿಲಲ್ಲೇ ಮಗಳ ದೃಷ್ಟಿ ತೆಗೆದಳು. ಕಾಶವ್ವ ಮೊಮ್ಮಗಳ ಕೆನ್ನೆ ಹಿಂಡಿ, ನನ್ನ ಕಡೆ ತಿರುಗಿ, "ಏನ್ರೀ, ಸಮುದ್ರದಾಗೂ ಗಂಟು ಹಾಕಿ ಬಂದ್ರಂತ" ಅಂದಳು. ಯಾರು ಹೇಳಿದರೋ! ಬಸಪ್ಪ ಅತ್ತ ತಿರುಗಿ ಕೆಮ್ಮಿದ.

ಮೀನಿನ ಚೀಲವನ್ನು ಒಲೆಯ ಮುಂದೆ ಇಟ್ಟೆ. ಕಾಶವ್ವ ಚೀಲದ ಬಾಯಿ ಕಟ್ಟಿದ್ದು ನೋಡಿದಳು, ನಿಟ್ಟುಸಿರು ಬಿಟ್ಟು ಚಾಕು ಹುಡುಕಲು ಎದ್ದಳು. "ಚಾಕು ಬ್ಯಾಡ. ತುದಿ ಹಿಡದು ಎಳಿ" ಅಂದೆ. ನಂಬಿಕೆ ಇಲ್ಲದೆ ಎಳೆದಳು. ನನ್ನ ಜೇಬಿನಲ್ಲಿ ಉಳಿದಿದ್ದ ಆ ಸುತಳಿ ಒಂದೇ ಎಳತಕ್ಕೆ ಸರ್ರನೆ ಬಿಚ್ಚಿಕೊಂಡು ಅವಳ ಕೈಗೆ ಬಂತು. ಕಾಶ‍ವ್ವ ಅದನ್ನು ನೋಡಿದಳು, ಆಮೇಲೆ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರಾ ಬಂದಾವೇನ್ರೀ?"

ಎಲ್ಲರೂ ತೊಲೆಯ ಕೆಳಗೆ ಸಾಲಾಗಿ ಉಣ್ಣಲು ಕುಳಿತೆವು. ಜ್ವಾಳದ ರೊಟ್ಟಿ, ಕೆಂಪು ಮೀನಿನ ಸಾರು, ಅನ್ನ. ಬಸಪ್ಪ ಉಣ್ಣುತ್ತ ನಡುನಡುವೆ ಮಗಳ ಕಡೆ ನೋಡಿ ನಗುತ್ತಿದ್ದ. ಶಾಂತಾ ಮೀನಿನ ದೊಡ್ಡ ತುಂಡನ್ನು ಮಗಳಿಗೆ ಬಡಿಸಿದಳು, ಮಗಳು ಅದನ್ನು ಎತ್ತಿ ನನ್ನ ತಾಟಿಗೆ ಹಾಕಿದಳು. ನನಗೆ ನೆಲ ಇನ್ನೂ ತೂಗುತ್ತಲೇ ಇತ್ತು. ತಾಟು ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ತುತ್ತು ಬಾಯಿಗೆ ಸರಿಯಾಗಿ ಹೋಗಲು ಎಡಗೈಯಲ್ಲಿ ನೆಲ ಹಿಡಿದುಕೊಂಡಿದ್ದೆ. ಆದರೂ ಎರಡು ಸಲ ಸಾರು ಹಾಕಿಸಿಕೊಂಡೆ.

"ನಾಳಿಗೆ ಹೋಗಿ ಹೊಸಾ ಲಂಗರು ತರಬೇಕು" ಅಂದಳು ಭಾಗಿ. "ಅಜ್ಜಾ, ಮತ್ತ ಬರತೀ ಇಲ್ಲೋ ನನ್ನ ದೋಣಿಗೆ?"

"ಬರತೇನಿ. ಕೈ ಕಟ್ಟಿ ಕುಂದರತೇನಿ, ಸಾಹೇಬ್ರಗತೆ."

"ಕೈ ನಾನ ಕಟ್ಟಿ ಕಳಸತೇನಿ" ಅಂದಳು ಕಾಶವ್ವ, ರೊಟ್ಟಿ ಮುರಿಯುತ್ತ. "ನಿಮ್ಮಪ್ಪನ ಗಂಟಿನಾಗ."